ಲಾಂಡ್ರಿಯವರು ಅಷ್ಟೇ

ಬಾಗಿಲು ಕೂರಿಸಲು ಬಂದ ಕಬ್ಬಿಣದ ಕೆಲಸದವನು ಹಿಡಿಕೆಯನ್ನು ಹೊರಗಡೆ ಬಿಗಿದ. ಒಳಗಡೆ ಏನೂ ಬಿಗಿಯಲಿಲ್ಲ. ಬಾಗಿಲಿನ ಒಳಮೈ ಬೋಳಿಸಿದ ತಲೆಯ ಹಾಗೆ ನುಣ್ಣಗಿತ್ತು.

ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಮೇಲೆ ಕೊಳೆಬಟ್ಟೆಯ ಗಂಟು ಹೊತ್ತು ನಿಂತಿದ್ದ ಗಂಟಕ್ಕ ಕೇಳಿದಳು, "ಅಣ್ಣಾ, ಒಳಗಡೆ ಚಿಲಕ ಎಲ್ಲಿ?"

"ಒಳಗಡೆ ಯಾಕೆ ಚಿಲಕ? ಈ ಬಾಗಿಲು ಇರೋದು ನೀರು ತಡೆಯೋಕೆ. ನೀರು ಬಂದು ಚಿಲಕ ತೆಗೆಯುತ್ತಾ?"

"ನೀರು ತೆಗೆಯಲ್ಲ. ನಾನು ತೆಗೀತೀನಿ."

"ನೀನ್ಯಾಕಮ್ಮ ಒಳಗಿರ್ತೀಯ?"

"ಮತ್ತೆ ಈ ಗಂಟು ಹೊತ್ಕೊಂಡು ಎಲ್ಲಿಗೆ ಹೊರಟಿದ್ದೀನಿ ಅಂದ್ಕೊಂಡೆ? ಮದುವೆಗಾ?"

ಅವನು ನಕ್ಕ. ತನಗೆ ಕೊಟ್ಟ ಚಿತ್ರದಲ್ಲಿ ಒಳಗಡೆ ಏನೂ ಬರೆದಿಲ್ಲ ಅಂದ. ಬಾಗಿಲಿನ ಸುತ್ತ ಹಾಕಿದ್ದ ದಪ್ಪ ರಬ್ಬರ್ ಪಟ್ಟಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದ. ಒಂದು ಹನಿ ದಾಟೋದಿಲ್ಲ, ಒಂದು ಹನಿ, ಅಂತ ತನಗೆ ತಾನೇ ಹೇಳಿಕೊಂಡ. ಚೀಲ ಹೆಗಲಿಗೇರಿಸಿ ಹೊರಟುಹೋದ.

ಗಂಟಕ್ಕ ಗಂಟು ಹೊತ್ತು ಇಳಿದಳು.

ಅದು ದೊಡ್ಡ ಆಸ್ಪತ್ರೆ. ಅದರ ಹೊಟ್ಟೆಯ ಅಡಿಯಲ್ಲಿ ಲಾಂಡ್ರಿ. ಹಾಸಿಗೆ ಹೊದಿಕೆ, ದಿಂಬಿನ ಚೀಲ, ರೋಗಿಯ ಅಂಗಿ, ಡಾಕ್ಟರ ಕೋಟು, ಎಲ್ಲವೂ ಅಲ್ಲಿಗೇ ಬರಬೇಕು. ರಕ್ತ, ಕೀವು, ವಾಂತಿ, ಮಲ ಎಲ್ಲವನ್ನೂ ಹೊತ್ತುಕೊಂಡು ಬರಬೇಕು, ಬಿಳಿಯಾಗಿ ಮೇಲೆ ಹೋಗಬೇಕು. ಗಂಟು ಬಿಚ್ಚಿ ಬಟ್ಟೆ ವಿಂಗಡಿಸುವುದು ಗಂಟಕ್ಕನ ಕೆಲಸ. ಆ ಹೆಸರೂ ಅದರಿಂದಲೇ. ಮದುವೆಯಾದ ಹೊಸದರಲ್ಲಿ ಈ ಕೆಲಸಕ್ಕೆ ಸೇರಿದವಳು. ಈಗ ತಲೆಯಲ್ಲಿ ಅರ್ಧ ನರೆ. ಬಿಳುಪಿನ ಪುಡಿ, ಅಂದರೆ ಬ್ಲೀಚಿಂಗ್ ಪೌಡರ್, ಕೊರೆದು ಕೊರೆದು ಅವಳ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ರೇಷನ್ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ ಅದು ಇವಳನ್ನು ಗುರುತೇ ಹಿಡಿಯುತ್ತಿರಲಿಲ್ಲ.

ಗಂಟಿನಲ್ಲಿ ಏನೇನೋ ಸಿಗುತ್ತಿತ್ತು. ಸೂಜಿ ಚುಚ್ಚಿದ್ದಕ್ಕೆ ಲೆಕ್ಕವಿಲ್ಲ. ಕತ್ತರಿ ಸಿಕ್ಕಿದ್ದುಂಟು. ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಮಡಿಕೆ ಹಾಕುವ ಮೇಜಿನ ಹತ್ತಿರ ನಿಂತಿದ್ದ ನಾದಿನಿ, ಅಂದರೆ ಗಂಟಕ್ಕನ ಗಂಡನ ತಂಗಿ, ಅದನ್ನು ತೊಳೆದು ಸೋಪಿನ ಡಬ್ಬದ ಮೇಲೆ ಕೂರಿಸಿದ್ದಳು. "ನಗ್ತಾ ಇದೆ ನೋಡು ಅತ್ತಿಗೆ. ಈ ಕೋಣೆಯಲ್ಲಿ ನಗೋದು ಇದೊಂದೇ."

ಪಕ್ಕದ ಕೋಣೆಯಲ್ಲಿ ಬಾಯ್ಲರ್. ಅದನ್ನು ನೋಡಿಕೊಳ್ಳುವ ಮುದುಕನಿಗೆ ಎಲ್ಲರೂ ಮಾವ ಅನ್ನುತ್ತಿದ್ದರು. ಯಾರಿಗೆ ಮಾವ ಅಂತ ಯಾರೂ ಕೇಳಿರಲಿಲ್ಲ. ಬಾಯ್ಲರಿನ ಸದ್ದಿಗೆ ಅವನ ಕಿವಿ ಎಂದೋ ಹೋಗಿತ್ತು. ಏನು ಹೇಳಿದರೂ "ಆಯ್ತು ಆಯ್ತು" ಅನ್ನುತ್ತಿದ್ದ. ನಾದಿನಿ ಒಂದು ದಿನ ಬೇಕಂತಲೇ, "ಮಾವಾ, ನನ್ನ ಮದುವೆ ಆಗ್ತೀಯಾ?" ಅಂತ ಕೇಳಿದ್ದಳು. "ಆಯ್ತು ಆಯ್ತು, ಈ ಪ್ರೆಶರ್ ಸ್ವಲ್ಪ ಇಳೀಲಿ" ಅಂದಿದ್ದ.

ಮೇಲಿನ ಮಹಡಿಗಳಿಂದ ಬಟ್ಟೆ ಬೀಳಲು ಗೋಡೆಯೊಳಗೆ ಒಂದು ದೊಡ್ಡ ಕೊಳವೆ ಇತ್ತು. ಅವರು ಅದನ್ನು ಗಂಟಲು ಅನ್ನುತ್ತಿದ್ದರು. ಆಸ್ಪತ್ರೆಯ ಗಂಟಲು. ಹಿಂದೆ ಒಮ್ಮೆ ಯಾರೋ ಹೇಳದೆ ಕೇಳದೆ ಎಸೆದ ಗಂಟಿನೊಳಗೆ ಗಾಜಿನ ಬಾಟಲಿ ಇತ್ತು. ಅದು ಗಂಟಕ್ಕನ ಹಣೆ ಸೀಳಿತ್ತು. ಆಮೇಲೆ ಒಂದು ಕಟ್ಟಳೆ ಮಾಡಿಕೊಂಡರು. ಯಾವ ಸಾಹೇಬರೂ ಮಾಡಿದ್ದಲ್ಲ, ಆಯಾಗಳು ಮತ್ತು ಲಾಂಡ್ರಿಯವರು ತಾವೇ ಮಾಡಿಕೊಂಡದ್ದು. ಮೇಲಿನವರು ಗಂಟಲಿಗೆ ಬಾಯಿಟ್ಟು "ಬಂತೂ" ಅನ್ನಬೇಕು. ಕೆಳಗಿನವರು ಪಕ್ಕಕ್ಕೆ ಸರಿದು "ಬರಲೀ" ಅನ್ನಬೇಕು. "ಬರಲೀ" ಕೇಳುವ ತನಕ ಗಂಟು ಬಿಡುವ ಹಾಗಿಲ್ಲ.

ಮೂರನೇ ಮಹಡಿಯ ಆಯಾ ರಾಗ ಎಳೆದು "ಬಂತೂ" ಅನ್ನುತ್ತಿದ್ದಳು. ಗಂಟಕ್ಕನಿಗೆ ಅವಳ ಮುಖ ಗೊತ್ತಿರಲಿಲ್ಲ. ದನಿ ಗೊತ್ತಿತ್ತು. ಅವಳಿಗೆ ನೆಗಡಿಯಾದರೆ, ಗಂಡನ ಜೊತೆ ಜಗಳವಾಗಿದ್ದರೆ, ಆ ಒಂದೇ ಮಾತಿನಲ್ಲಿ ತಿಳಿದುಬಿಡುತ್ತಿತ್ತು.

ಆಸ್ಪತ್ರೆಗೆ ಹಿಂದಿನ ವರ್ಷ ಹೊಳೆ ನುಗ್ಗಿತ್ತು. ನೆಲಮಹಡಿಯ ಯಂತ್ರಗಳೆಲ್ಲ ಹಾಳಾಗಿದ್ದವು. ರೋಗಿಗಳನ್ನು ಮೇಜಿನ ಮೇಲೆ ಮಲಗಿಸಿ ಹೊತ್ತು ಸಾಗಿಸಿದ್ದರು. ಅದಕ್ಕೂ ಮೊದಲು ಬಂದ ಬೇಸಿಗೆಯಲ್ಲಿ ಬಿಸಿಲು ಬಡಿದವರು ಸಾಲುಗಟ್ಟಿ ಬಂದು ಓಣಿಯಲ್ಲೇ ಮಲಗಿದ್ದರು. ಇನ್ನು ಮುಂದೆ ಹೀಗೇ, ಬೇಸಿಗೆ ಸುಡುತ್ತೆ, ಮಳೆ ಮುಳುಗಿಸುತ್ತೆ, ಆಸ್ಪತ್ರೆ ಸಜ್ಜಾಗಬೇಕು ಅಂತ ಮೇಲಿನವರು ಹೇಳಿದರು. ಸಜ್ಜು ಮಾಡಲು ವಿಪತ್ತು ನಿರ್ವಹಣೆಯ ಸಾಹೇಬರೊಬ್ಬರನ್ನು ಕಳಿಸಿದರು. ಚಿಕ್ಕ ವಯಸ್ಸು. ಮಾತು ಮೆತ್ತಗೆ. ಆಯಾಗಳನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಅಷ್ಟು ಉದ್ದದ ಹುದ್ದೆ ನಾಲಿಗೆಯಲ್ಲಿ ತಿರುಗದೆ ನಾದಿನಿ ಅವರನ್ನು ಬರೀ ವಿಪತ್ತು ಅಂತ ಕರೆದಳು. "ಅತ್ತಿಗೆ, ನೆಟ್ಟಗೆ ನಿಂತ್ಕೊ, ವಿಪತ್ತು ಬರ್ತಾ ಇದೆ."

ವಿಪತ್ತು ಸಾಹೇಬರು ಕೆಲಸ ಮಾಡಿದರು. ಸುಳ್ಳು ಹೇಳಬಾರದು, ಮಾಡಿದರು. ಜನರೇಟರನ್ನು ತಾರಸಿಗೆ ಹತ್ತಿಸಿದರು. ಆಕ್ಸಿಜನ್ ಸಿಲಿಂಡರುಗಳು ಹತ್ತಿದವು. ಔಷಧಿಯ ಉಗ್ರಾಣ ಹತ್ತಿತು. ನೆಲಮಹಡಿಯಲ್ಲಿ ಬಿಸಿಲು ಬಡಿದವರಿಗಾಗಿ ತಂಪು ವಾರ್ಡು ಮಾಡಿಸಿದರು. ಹೆಣ ಇಡುವ ಕೋಣೆ ಕೂಡ ನೆಲಮಾಳಿಗೆಯಿಂದ ಮೇಲೆ ಹತ್ತಿತು.

ಲಾಂಡ್ರಿ ಹತ್ತಲಿಲ್ಲ.

"ಯಂತ್ರಗಳು ತುಂಬಾ ಭಾರ ಅಮ್ಮ" ಅಂದರು ಸಾಹೇಬರು.

"ನಾವು ಭಾರ ಇಲ್ಲ ಸಾರ್" ಅಂದಳು ನಾದಿನಿ.

ಅವರು ನಕ್ಕರು. ಆಮೇಲೆ ತಾಳ್ಮೆಯಿಂದ ತಿಳಿಸಿ ಹೇಳಿದರು. ಹೊಳೆ ಏರಿದರೆ ನೀರು ಮೋರಿಯ ಬಾಯಿಂದ ಹಿಂದಕ್ಕೆ ನುಗ್ಗಿ ನೆಲಮಾಳಿಗೆ ತುಂಬುತ್ತೆ. ಅಲ್ಲಿಂದ ಮೆಟ್ಟಿಲು ಹತ್ತಿ ಆಸ್ಪತ್ರೆಗೆ ಬರುತ್ತೆ. ಮೆಟ್ಟಿಲ ತುದಿಯಲ್ಲಿ ಬಾಗಿಲು ಹಾಕಿದರೆ ಮೇಲೆ ಬರೋದಿಲ್ಲ. "ನೀರಿಗೂ ಒಂದು ಜಾಗ ಅಂತ ಕೊಡಬೇಕಲ್ಲ ಅಮ್ಮ."

"ಕೊಟ್ಟಿದ್ದೀರಲ್ಲ ಸಾರ್" ಅಂದಳು ಗಂಟಕ್ಕ. "ನಮ್ಮದನ್ನ."

*

ಬೇಸಿಗೆ ಏರಿದಾಗ ಅಣಕು ಕಾರ್ಯಾಚರಣೆ ಅಂತ ಮಾಡಿದರು. ನೋಡಲು ಮೇಲಿನಿಂದ ದೊಡ್ಡವರು ಬಂದಿದ್ದರು. ಎಲ್ಲ ಸರಿಹೋದರೆ 'ಸಜ್ಜಾದ ಆಸ್ಪತ್ರೆ' ಅನ್ನುವ ಫಲಕ ಸಿಗುತ್ತಿತ್ತು. ನರ್ಸಿಂಗ್ ಓದುವ ಹುಡುಗಿಯರಿಗೆ ಹಣೆಗೆ ಕೆಂಪು ಬಣ್ಣ ಬಳಿದು ರೋಗಿಗಳನ್ನಾಗಿ ಮಾಡಿದರು. ಎಲ್ಲರನ್ನೂ ಹೊಸ ಬಿಳಿ ಹೊದಿಕೆಯ ಮೇಲೆ ಮಲಗಿಸಿದರು. ಆ ಹೊದಿಕೆಗಳನ್ನು ಹಿಂದಿನ ದಿನ ಲಾಂಡ್ರಿಯವರು ಊಟ ಬಿಟ್ಟು ಒಗೆದು ಕೊಟ್ಟಿದ್ದರು.

ಸೈರನ್ ಕೂಗಿತು. ಬಾಗಿಲ ಹತ್ತಿರ ಕಾವಲಿಗೆ ಇದ್ದವನು ಮೀಸೆ. ಹೆಸರು ಬೇರೆ ಏನೋ ಇತ್ತು, ಮೀಸೆಯೇ ಅವನಿಗಿಂತ ಮುಂದೆ ಬರುತ್ತಿದ್ದರಿಂದ ಹಾಗೆ ಕರೆಯುತ್ತಿದ್ದರು. ದಿನಾ ಲಾಂಡ್ರಿಗೆ ಇಳಿದು ಟೀ ಕುಡಿಯುವವನು. ನಾದಿನಿಯ ಕೈಲಿ ಅಂಗಿಗೆ ಇಸ್ತ್ರಿ ಹಾಕಿಸಿಕೊಳ್ಳುವವನು.

ಮೇಲೆ ಯಾರೋ ಕೇಳಿದ್ದು ಗಂಟಕ್ಕನಿಗೆ ಕೇಳಿಸಿತು. "ಕೆಳಗೆ ಯಾರಾದರೂ ಇದ್ದಾರಾ?"

ಮೀಸೆ ಹೇಳಿದ, "ಯಾರೂ ಇಲ್ಲ ಸಾರ್. ಲಾಂಡ್ರಿಯವರು ಅಷ್ಟೇ."

ಬಾಗಿಲು ಮುಚ್ಚಿತು. ರಬ್ಬರ್ ಪಟ್ಟಿ ಉಸಿರು ಎಳೆದುಕೊಂಡ ಹಾಗೆ ಸದ್ದು ಮಾಡಿತು. ಹಿಡಿಕೆ ಹೊರಗಡೆ ತಿರುಗಿತು.

ಮೊದಲು ಅವರಿಗೆ ನಗು ಬಂತು. "ಯಾರೂ ಇಲ್ಲವಂತೆ. ಹಾಗಾದರೆ ಕೆಲಸ ಯಾಕೆ ಮಾಡೋದು, ಕೂತ್ಕೊ" ಅಂದಳು ನಾದಿನಿ. ಗೋಡೆಯ ಮೇಲ್ತುದಿಯಲ್ಲಿ ಅಂಗೈ ಅಗಲದ ಗಾಳಿಕಿಂಡಿಗಳಿದ್ದವು. ಅವುಗಳಿಂದ ಅಂಗಳದ ಬಿಸಿಗಾಳಿಯೇ ಒಳಗೆ ಬರುತ್ತಿತ್ತು. ಲಾಂಡ್ರಿಯ ಹಬೆ ಹೋಗುತ್ತಿದ್ದದ್ದು ಮೆಟ್ಟಿಲ ಬಾಗಿಲಿಂದ. ಈಗ ಹಬೆ ಎಲ್ಲೂ ಹೋಗಲಿಲ್ಲ. ಕೋಣೆಯಲ್ಲಿ ನಿಂತಿತು. ದೀಪದ ಸುತ್ತ ಮಂಜು ಕಟ್ಟಿತು. ಗೋಡೆ ಬೆವರಿತು. ಸೀರೆ ಮೈಗೆ ಅಂಟಿತು. ಬಿಳುಪಿನ ಪುಡಿಯ ಘಾಟು ಕಣ್ಣಿಗೆ, ಮೂಗಿಗೆ, ಎದೆಗೆ ಇಳಿಯಿತು.

ನಾದಿನಿ ಬಾಗಿಲು ಬಡಿದಳು. ಕಬ್ಬಿಣ ದಪ್ಪ ಇತ್ತು. ಹೊರಗಡೆ ಸೈರನ್ನು, ಮೈಕು, ಓಡಾಟ. ಫೋನ್ ತೆಗೆದರೆ ಅಲ್ಲಿ ಯಾವತ್ತೂ ಸಿಗ್ನಲ್ ಇರಲಿಲ್ಲ. ಅವತ್ತೂ ಇರಲಿಲ್ಲ.

ಬಾಯ್ಲರ್ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಮಾವ. ಬಾಯಿ ತೆರೆದಿತ್ತು. ಮೈ ಕೆಂಡದ ಹಾಗಿತ್ತು, ಒಂದು ಹನಿ ಬೆವರಿಲ್ಲ. "ಮಾವಾ" ಅಂದರೆ "ಆಯ್ತು ಆಯ್ತು" ಅನ್ನಲಿಲ್ಲ.

ಗಂಟಕ್ಕ ಗಂಟಲಿನ ಹತ್ತಿರ ಓಡಿದಳು. ತಲೆ ಒಳಗಿಟ್ಟು ಕೂಗಿದಳು. "ಬಾಗಿಲು ತೆಗೀರೀ. ಮಾವ ಬಿದ್ದಿದ್ದಾರೇ."

ಆ ಕೊಳವೆಯ ಗುಣವೇ ಹಾಗೆ, ಮಾತು ಏರುತ್ತಾ ಏರುತ್ತಾ ಒಡೆದು ಬರೀ ಗುಂಯ್‌ಗುಟ್ಟುವ ಸದ್ದಾಗುತ್ತಿತ್ತು. ಇಷ್ಟು ವರ್ಷ ಕೆಳಗಿನಿಂದ ಮೇಲಕ್ಕೆ ಹೋಗಿದ್ದು ಒಂದೇ ಮಾತು. ಮೇಲಿನವರ ಕಿವಿ ಅದೊಂದಕ್ಕೇ ಪಳಗಿತ್ತು. ಗಂಟಕ್ಕ ಏನು ಕೂಗಿದರೂ ಅವರಿಗೆ ಕೇಳಿಸಿದ್ದು "ಬರಲೀ".

ಗಂಟು ಬಂತು.

ಅವಳು ತಲೆ ಎಳೆದುಕೊಂಡಳು. ಮತ್ತೆ ಕೂಗಿದಳು. "ಉಸಿರು ಕಟ್ತಿದೇ." ಮತ್ತೊಂದು ಗಂಟು. "ಅಯ್ಯೋ ಸಾಯ್ತೀವೀ." ಎರಡು ಗಂಟು ಒಟ್ಟಿಗೆ. ಅವಳು ಕೂಗಿದಷ್ಟೂ ಬಟ್ಟೆ ಬಿತ್ತು. ಅಣಕು ರೋಗಿಗಳ ಹೊದಿಕೆಗಳು. ಅವುಗಳ ಮೇಲೆ ಕೆಂಪು ಬಣ್ಣದ ಕಲೆ. ನಿಜವಾದ ರಕ್ತ ಒಗೆದು ಒಗೆದು ಗೊತ್ತಿದ್ದ ಗಂಟಕ್ಕನಿಗೆ ಆ ಬಣ್ಣ ನೋಡಿ ಹೊಟ್ಟೆ ಉರಿಯಿತು.

ಕೊನೆಗೆ ಅವಳ ದನಿ ಹೋಯಿತು. ಗಂಟಲಿನ ಅಡಿಯಲ್ಲಿ ಕುಸಿದು ಕೂತಳು.

ಮೇಲಿನಿಂದ "ಬಂತೂ" ಅಂತ ರಾಗ ಬಂತು. ಇವಳು ಉತ್ತರ ಕೊಡಲಿಲ್ಲ. ಮತ್ತೆ "ಬಂತೂ". ಉತ್ತರವಿಲ್ಲ. ಮೂರನೇ ಸಲದ "ಬಂತೂ"ಗೆ ರಾಗ ಇರಲಿಲ್ಲ. ಆಮೇಲೆ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

ತೆರೆದವಳು ಒಬ್ಬ ಸಣಕಲು ಹೆಂಗಸು. ಏದುಸಿರು ಬಿಡುತ್ತಿದ್ದಳು. ಮೆಟ್ಟಿಲ ತುದಿಯಲ್ಲಿ ಬಿಸಿ ಹಬೆ ಮುಖಕ್ಕೆ ಹೊಡೆದು ಹಿಂದಕ್ಕೆ ಜೋಲಿ ಹೊಡೆದಳು.

"ನೀನೇನಾ ಮೂರನೇ ಮಹಡಿ?" ಅಂದಳು ಗಂಟಕ್ಕ, ಇಲ್ಲದ ದನಿಯಲ್ಲಿ.

"ನೀನೇನಾ ಬರಲಿ? ನಿನ್ನ ದನಿ ಕೇಳಿ ದಪ್ಪಗಿದ್ದೀಯ ಅಂದ್ಕೊಂಡಿದ್ದೆನಲ್ಲೇ."

ಮಾವನನ್ನು ಮೂವರೂ ಸೇರಿ ಎತ್ತಿದರು. ತಂಪು ವಾರ್ಡಿಗೆ ಹೊತ್ತೊಯ್ದರು. ಅಲ್ಲಿ ಮಂಚ ಖಾಲಿ ಇರಲಿಲ್ಲ. ಎಲ್ಲ ಮಂಚಗಳ ಮೇಲೂ ಬಿಸಿಲು ಬಡಿದ ಹಾಗೆ ನಟಿಸುತ್ತಿದ್ದ ಹುಡುಗಿಯರು ಮಲಗಿದ್ದರು. ದೊಡ್ಡವರು ಸುತ್ತು ಹಾಕುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. "ಇವರನ್ನ ಯಾವ ಗುಂಪಿಗೆ ಹಾಕಿದ್ದೀರಿ?" ಅಂತ ಒಬ್ಬರು ಮಾವನನ್ನು ತೋರಿಸಿ ಕೇಳಿದರು. "ಮೇಕಪ್ಪು ಚೆನ್ನಾಗಿದೆ."

ನಾದಿನಿ ಹತ್ತಿರದ ಮಂಚದ ಹುಡುಗಿಯ ತೋಳು ಹಿಡಿದು ಎಬ್ಬಿಸಿದಳು. "ಏಳಮ್ಮಾ ಸತ್ತವಳೇ. ಸಾಯ್ತಾ ಇರೋರು ಬಂದಿದ್ದಾರೆ."

ಮಾವ ಬದುಕಿದ. ಫಲಕವೂ ಬಂತು.

ಸಂಜೆ ವಿಪತ್ತು ಸಾಹೇಬರು ಬಿಸ್ಕತ್ತಿನ ಪೊಟ್ಟಣ ಹಿಡಿದು ಲಾಂಡ್ರಿಗೆ ಇಳಿದರು. "ತಪ್ಪಾಯ್ತು ಅಮ್ಮ. ಅಣಕು ಅಲ್ವಾ, ಗಡಿಬಿಡಿಯಲ್ಲಿ ಮರೆತೆವು."

"ನಮ್ಮದು ಅಣಕು ಆಗಿರಲಿಲ್ಲ ಸಾರ್" ಅಂದಳು ಗಂಟಕ್ಕ. "ಒಳಗಡೆ ಒಂದು ಹಿಡಿಕೆ ಹಾಕಿಸಿಕೊಡಿ. ಬೇರೆ ಏನೂ ಬೇಡ."

ಸಾಹೇಬರು ನೆಲ ನೋಡಿದರು. "ಆಗೋದಿಲ್ಲ ಅಮ್ಮ. ನಿಜವಾಗಿ ನೀರು ಬಂದಾಗ ನೀವು ಗಾಬರಿಯಲ್ಲಿ ತೆಗೆದುಬಿಟ್ಟರೆ? ಮೇಲಿರೋ ರೋಗಿಗಳ ಗತಿ ಏನು? ಬಾಗಿಲು ಹಾಕೋ ಮೊದಲು ನಿಮಗೆ ಫೋನ್ ಮಾಡಿ ತಿಳಿಸ್ತೀವಿ."

"ಇಲ್ಲಿ ಫೋನ್ ಬರಲ್ಲ ಸಾರ್."

"ನೋಡೋಣ. ಅದಕ್ಕೂ ಏನಾದರೂ ಮಾಡೋಣ."

ಅವರು ಹತ್ತಿ ಹೋದರು. ಆಸ್ಪತ್ರೆಯ ಮಲ ಮೂತ್ರ ಎಲ್ಲ ಇವರ ಕೈಗೆ ಒಪ್ಪಿಸಬಹುದು. ಒಂದು ಹಿಡಿಕೆ ಒಪ್ಪಿಸಲಾಗದು. ಬಿಸ್ಕತ್ತಿನ ಪೊಟ್ಟಣ ಸೋಪಿನ ಡಬ್ಬದ ಮೇಲೆ ಹಾಗೇ ಇತ್ತು, ಹಬೆಗೆ ಮೆತ್ತಗಾಯಿತು. ಅದನ್ನು ಮಾರನೆಯ ದಿನ ಮಾವ ತಿಂದ. ಅವನಿಗೆ ಅದು ಯಾಕೆ ಬಂತು ಅಂತ ಯಾರೂ ಹೇಳಿರಲಿಲ್ಲ.

ಮೂರನೇ ಮಹಡಿ ಆಯಾ ಈಗ ಬಿಡುವಾದಾಗ ಟೀಗೆ ಇಳಿದು ಬರುತ್ತಿದ್ದಳು. ಗಂಟುಗಳನ್ನು ಬಿಟ್ಟವಳು ತಾನೇ ಅನ್ನುವುದು ಅವಳನ್ನು ತಿನ್ನುತ್ತಿತ್ತು. "ನೀನು ಕೂಗಿದಾಗೆಲ್ಲ ಬರಲಿ ಅಂದ ಹಾಗೇ ಕೇಳಿಸ್ತು ಕಣೇ. ಇವತ್ತು ಬಲು ಹುರುಪಲ್ಲಿದ್ದಾರೆ ಅಂದ್ಕೊಂಡೆ."

"ಹಾಗಾದ್ರೆ ಹೀಗೆ ಮಾಡೋಣ" ಅಂದಳು ಗಂಟಕ್ಕ. "ನಾನು ಕೂಗಿದ್ರೆ ಏನೂ ಆಗಿಲ್ಲ ಅಂತ. ನೀನು ಬಂತು ಅಂದಾಗ ನಾನು ಸುಮ್ಮನಿದ್ರೆ, ಏನೋ ಆಗಿದೆ ಅಂತ. ಬಂದು ನೋಡು."

*

ಮಳೆಗಾಲದಲ್ಲಿ ಹೊಳೆ ಏರಿತು. ಜ್ವರದವರು, ಭೇದಿಯವರು, ಗೋಡೆ ಕುಸಿದು ಕಾಲು ಮುರಿದುಕೊಂಡವರು ಬರುತ್ತಲೇ ಇದ್ದರು. ಬಟ್ಟೆಯೂ ಬರುತ್ತಲೇ ಇತ್ತು. ಲಾಂಡ್ರಿಯವರು ಮನೆಗೆ ಹೋಗಿ ಬರಲೂ ಬಿಡುವಿರಲಿಲ್ಲ.

ಒಂದು ಮಧ್ಯಾಹ್ನ ನೆಲದ ಮೋರಿಯ ಬಾಯಿ ತೇಗಿತು. ಕಪ್ಪು ನೀರು ಗುಳುಗುಳು ಅಂತ ಮೇಲೆ ಬಂತು. ನಾದಿನಿ ಗೋಣಿ ತುರುಕಿದಳು. ಗೋಣಿ ತೇಲಿತು.

ಬಾಯ್ಲರ್ ಕೆಂಪಗೆ ಕಾದಿತ್ತು. ತಣ್ಣೀರು ಮುಟ್ಟಿದರೆ ಅದು ಸಿಡಿಯುತ್ತೆ. ಮಾವ ಉರಿ ಆರಿಸಿ ಹಬೆ ಬಿಡಲು ನಿಂತ. ತಿರುಪು ತುಕ್ಕು ಹಿಡಿದಿತ್ತು. ಒಬ್ಬನ ಕೈಗೆ ಬಗ್ಗಲಿಲ್ಲ.

"ನೀವು ಹೋಗಿ" ಅಂದ. "ಆಯ್ತು ಆಯ್ತು, ನಾನು ಬರ್ತೀನಿ."

ನಾದಿನಿ ಸೀರೆ ಮೇಲೆತ್ತಿ ಕಟ್ಟಿದಳು. "ನಾನು ಇವನ ಜೊತೆ ಇರ್ತೀನಿ. ಅತ್ತಿಗೆ, ನೀನು ಮೇಲೆ ಹೋಗಿ ಹೇಳು. ಬಾಗಿಲು ಹಾಕಬೇಡಿ ಅನ್ನು."

ಗಂಟಕ್ಕ ಹತ್ತಿದಳು. ಅರ್ಧ ಮೆಟ್ಟಿಲಲ್ಲಿ ಇದ್ದಾಗ ಸೈರನ್ ಕೂಗಿತು. ಬೆಳಕು ಕಿರಿದಾಗುವುದು ಕಂಡಿತು. ಮೀಸೆ ಬಾಗಿಲು ತಳ್ಳುತ್ತಿದ್ದ.

ಅವಳು ಓಡಿದಳು. ಓಡುವ ವಯಸ್ಸಲ್ಲ, ಆದರೂ ಓಡಿದಳು. ಬಾಗಿಲು ಒಂದು ಮೊಳ ತೆರೆದಿದ್ದಾಗ ಒಂದು ಕಾಲು ಹೊರಗೆ ಹಾಕಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಬ್ಬಿಣ ತೊಡೆಗೆ ಬಂದು ಬಡಿಯಿತು. ಅವಳ ಕಣ್ಣಲ್ಲಿ ನೀರು ಚಿಮ್ಮಿತು.

"ಅಕ್ಕಾ, ಏಳು" ಅಂದ ಮೀಸೆ. "ಬೇಗ ಈಚೆ ಬಾ."

"ಬರಲ್ಲ. ಕೆಳಗೆ ಮಾವ ಇದ್ದಾನೆ. ನಾದಿನಿ ಇದ್ದಾಳೆ."

"ಹಾಕು ಅಂತ ಆರ್ಡರ್ ಆಗಿದೆ."

"ಹಾಕು. ನನ್ನ ಮೇಲೇ ಹಾಕು. ನಿನ್ನ ಅಂಗಿಗೆ ಇಸ್ತ್ರಿ ಹಾಕಿದ ಕೈ ಅಲ್ಲಿ ತಿರುಪು ತಿರುಗಿಸ್ತಾ ಇದೆ. ಹಾಕು."

ಮೀಸೆ ತಳ್ಳಲೂ ಇಲ್ಲ, ಬಿಡಲೂ ಇಲ್ಲ. ಬಾಗಿಲಿಗೆ ಒರಗಿ ನಿಂತ. ಅವನ ಭಾರ ಅವಳ ತೊಡೆಯ ಮೇಲೆ ಇತ್ತು. ಅವನ ಕೈಲಿದ್ದ ವಾಕಿಟಾಕಿ ಕೇಳಿತು, "ಬಾಗಿಲು ಹಾಕಿದ್ರಾ? ಕೆಳಗೆ ಯಾರಿದ್ದಾರೆ?"

ಮೀಸೆ ಅವಳನ್ನು ನೋಡಿದ. ಬಾಯಿ ತೆರೆದ. ಏನೂ ಹೇಳಲಿಲ್ಲ.

ವಿಪತ್ತು ಸಾಹೇಬರು ಓಡಿ ಬಂದರು. ಮೊಣಕಾಲ ತನಕ ಒದ್ದೆಯಾಗಿದ್ದರು. ನಿದ್ದೆಗೆಟ್ಟ ಕಣ್ಣು. ಗಂಟಕ್ಕನ ಎದುರು ಕುಕ್ಕರುಗಾಲಲ್ಲಿ ಕೂತರು.

"ಅಮ್ಮ, ಕೈ ಮುಗೀತೀನಿ. ನೀರು ಏರ್ತಾ ಇದೆ. ಆ ಕಡೆ ತಂಪು ವಾರ್ಡಿನಲ್ಲಿ ಉಸಿರಾಟದ ಯಂತ್ರ ಹಾಕಿಕೊಂಡವರು ಇದ್ದಾರೆ. ನನ್ನ ಹಿಂದೆ ಇಡೀ ಆಸ್ಪತ್ರೆ ಇದೆ. ನಿಮ್ಮ ಹಿಂದೆ ಇರೋದು ಇಬ್ಬರು."

ಗಂಟಕ್ಕ ಅವರ ಮುಖ ನೋಡಿದಳು. ತೊಡೆಯ ನೋವು ಸೊಂಟಕ್ಕೆ ಏರಿತ್ತು.

"ಇದ್ದಾರೆ ಅಂದ್ರಲ್ಲ ಸಾರ್" ಅಂದಳು. "ಇಷ್ಟು ದಿನ ಯಾರೂ ಇಲ್ಲ ಅಂತಿದ್ರಿ."

ಸಾಹೇಬರು ತಿರುಗಿ ತಂಪು ವಾರ್ಡಿನ ಕಡೆ ನೋಡಿದರು.

"ರೋಗಿಗಳನ್ನ ಮೇಲೆ ಹತ್ತಿಸಿ ಸಾರ್. ಹತ್ತಿಸೋದು ನಿಮಗೆ ಗೊತ್ತು. ಜನರೇಟರ್ ಹತ್ತಿಸಿದ್ರಿ. ಹೆಣ ಹತ್ತಿಸಿದ್ರಿ. ನಾನು ಇಲ್ಲಿಂದ ಏಳಲ್ಲ."

"ಎತ್ತಿ ಈಚೆ ಹಾಕ್ರೀ" ಅಂತ ಹಿಂದಿನಿಂದ ಯಾರೋ ಅಂದರು. ಇಬ್ಬರು ಬಂದು ಅವಳ ತೋಳು ಹಿಡಿದರು. ಅವಳು ಬಾಗಿಲಿನ ಅಂಚು ಹಿಡಿದುಕೊಂಡಳು. ಗೆರೆ ಸವೆದ ಬೆರಳುಗಳು, ನೆಂದ ಹೊದಿಕೆ ಹಿಂಡಿ ಹಿಂಡಿ ಗಟ್ಟಿಯಾದ ಬೆರಳುಗಳು. ಬಿಡಿಸಲು ಆಗಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಸಾಲಿನ ಮೇಲಿಂದ ಯಾರೋ ಚಪ್ಪಲಿ ಸದ್ದು ಮಾಡುತ್ತಾ ಓಡಿ ಬಂದರು. ಮೂರನೇ ಮಹಡಿ.

"ಬಂತು ಅಂದೆ, ಬರಲಿ ಬರಲಿಲ್ಲ" ಅಂದಳು. ನೋಡಿದಳು. ಬಂದು ಗಂಟಕ್ಕನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತಳು.

ಗಂಟಕ್ಕನ ಬೆನ್ನ ಹಿಂದೆ ನೀರಿನ ಸದ್ದು ಇತ್ತು. ಅವಳು ತಿರುಗಿ ನೋಡಲಿಲ್ಲ. ಸದ್ದಿನಿಂದಲೇ ತಿಳಿಯುತ್ತಿತ್ತು, ಈಗ ಮಡಿಕೆಯ ಮೇಜು ಎದ್ದಿತು, ಈಗ ಡಬ್ಬಗಳು ತೇಲಿ ಗೋಡೆಗೆ ಬಡಿದವು. ದೀಪ ಹೋಯಿತು. ಕತ್ತಲೆಯೊಳಗಿಂದ ಹಬೆ ಭುಸ್ ಅಂತ ಬಿಟ್ಟ ಸದ್ದು ಬಂತು. ಯಾರೋ ಚೀರಿದರು.

"ಮಾವಾ" ಅಂತ ಕೂಗಿದಳು.

ಉತ್ತರ ಬರಲಿಲ್ಲ. ಅವನಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಈ ಕಡೆ ಸಾಹೇಬರು ಎದ್ದು ನಿಂತಿದ್ದರು. ವಾಕಿಟಾಕಿಗೆ ಹೇಳುತ್ತಿದ್ದರು, ತಂಪು ವಾರ್ಡ್ ಖಾಲಿ ಮಾಡಿ, ಎಲ್ಲರನ್ನೂ ಮೊದಲನೇ ಮಹಡಿಗೆ ಹತ್ತಿಸಿ, ಹೌದು ಈಗಲೇ. ಅವರ ದನಿಯಲ್ಲಿ ಮೆತ್ತಗಿನದು ಏನೂ ಉಳಿದಿರಲಿಲ್ಲ. ಓಣಿಯಲ್ಲಿ ಮಂಚಗಳ ಚಕ್ರ ಉರುಳಿದವು.

ನೀರು ಗಂಟಕ್ಕನ ಒಳಗಿನ ಪಾದ ಮುಟ್ಟಿತು. ಮೀನಖಂಡ ಮುಟ್ಟಿತು. ಹೊಸ್ತಿಲು ದಾಟಿ ಓಣಿಗೆ ಹರಿಯಿತು. ಅದರ ಜೊತೆಗೇ ಕತ್ತಲಿನಿಂದ ನಾದಿನಿ ಬಂದಳು. ಮೆಟ್ಟಿಲ ಮೇಲೂ ಎದೆಮಟ್ಟ ಏರಿದ್ದ ನೀರಿನಲ್ಲಿ ಮಾವನನ್ನು ಕಂಕುಳಿಗೆ ಕೈ ಹಾಕಿ ಎಳೆದು ತರುತ್ತಿದ್ದಳು. ಹಬೆ ಹೊಡೆದು ಅವನ ಎರಡೂ ಕೈ ಸುಲಿದಿದ್ದವು. ಬೆಂದ ಗೆಣಸಿನ ಸಿಪ್ಪೆಯ ಹಾಗೆ ಚರ್ಮ ಜೋಲುತ್ತಿತ್ತು.

"ಆರಿಸಿದ್ವಿ ಅತ್ತಿಗೆ" ಅಂದಳು. ಹಲ್ಲು ಕಟಕಟ ಅನ್ನುತ್ತಿತ್ತು. "ಸಿಡಿಯಲ್ಲ ಅದು."

ಅವರು ದಾಟಿದ ಮೇಲೆ ಗಂಟಕ್ಕ ಕಾಲು ಎಳೆದುಕೊಂಡಳು. ಏಳಲು ಆಗಲಿಲ್ಲ. ಅವಳನ್ನು ಆಯಾ ಎತ್ತಿದಳು. ಬಾಗಿಲನ್ನು ಮೀಸೆ ಹಾಕಿದ.

*

ಯಾರೂ ಸಾಯಲಿಲ್ಲ. ಆದರೆ ನೆಲಮಹಡಿಯಲ್ಲಿ ಮೀನಖಂಡದ ಮಟ್ಟಕ್ಕೆ ನೀರು ನಿಂತಿತ್ತು. ಕೆಲವು ಯಂತ್ರಗಳು ಕೆಟ್ಟವು. ಲಾಂಡ್ರಿಯವರು ಬಾಗಿಲು ಹಾಕಲು ಬಿಡದೆ ಆಸ್ಪತ್ರೆಗೆ ನೀರು ನುಗ್ಗಿಸಿದರು ಅಂತ ಎಲ್ಲ ಕಡೆ ಮಾತಾಯಿತು. ಓಣಿಯಲ್ಲಿ ಎದುರಾದರೆ ಜನ ಮುಖ ತಿರುಗಿಸಿದರು. ಬಾಯ್ಲರಿನ ಮಾತು ಯಾರೂ ಎತ್ತಲಿಲ್ಲ. ಸಿಡಿಯದೇ ಇದ್ದದ್ದರ ಮಾತು ಯಾರು ಎತ್ತುತ್ತಾರೆ.

ಮಾವ ಎರಡೂ ಕೈಗೆ ಬಟ್ಟೆ ಸುತ್ತಿಸಿಕೊಂಡು ಮೊದಲನೇ ಮಹಡಿಯ ಓಣಿಯಲ್ಲಿ ಮಲಗಿದ್ದ. ಅವನ ಕೆಳಗಿದ್ದ ಹೊದಿಕೆಯ ಮೂಲೆಯಲ್ಲಿ ನಾದಿನಿ ಹಾಕಿದ ಹೊಲಿಗೆ ಇತ್ತು.

ನೀರು ಇಳಿಯಿತು. ಪಂಪು ಹಚ್ಚಿ ನೆಲಮಾಳಿಗೆ ಖಾಲಿ ಮಾಡಿದರು. ಗೋಡೆಯ ಮೇಲೆ ಚಾವಣಿಯ ಹತ್ತಿರದ ತನಕ ಕೆಸರಿನ ಗೆರೆ ಉಳಿಯಿತು. ಯಂತ್ರಗಳಿಗೆ ಎಣ್ಣೆ ಹಾಕಿದರು. ಬಟ್ಟೆ ಒಗೆಯಲು ಬನ್ನಿ ಅಂತ, ಲಾಂಡ್ರಿಗೆ ಆಳು ಒದಗಿಸುವ ಗುತ್ತಿಗೆದಾರ ಹೇಳಿಕಳಿಸಿದ.

ಗಂಟಕ್ಕ ಕುಂಟುತ್ತಾ ಬಂದಳು. ನಾದಿನಿ ಜೊತೆಗೆ ಬಂದಳು. ಗಂಟಕ್ಕ ಬಾಗಿಲನ್ನು ಒಳಗಡೆಯಿಂದ ಮುಟ್ಟಿ ನೋಡಿದಳು. ನುಣ್ಣಗಿತ್ತು. ಹೊಸದಾಗಿ ಒಂದೇ ಒಂದು ಬದಲಾವಣೆ ಮಾಡಿದ್ದರು. ಬಾಗಿಲ ಬಳಿ ಇನ್ನೊಬ್ಬ ಕಾವಲುಗಾರನನ್ನು ಹಾಕಿದ್ದರು, ಮುಂದಿನ ಸಲ ಯಾರೂ ಹೊಸ್ತಿಲ ಮೇಲೆ ಕೂರದ ಹಾಗೆ ನೋಡಿಕೊಳ್ಳಲು.

ಅವಳು ಮೇಲಿನ ಮೆಟ್ಟಿಲ ಮೇಲೆ ಕೂತಳು. ನಾದಿನಿಯೂ ಕೂತಳು. ಇಳಿಯಲಿಲ್ಲ.

ಮಾರನೆಯ ದಿನವೂ ಬಂದರು, ಕೂತರು, ಸಂಜೆ ಎದ್ದು ಹೋದರು. ಮನೆಯಲ್ಲಿ ಅತ್ತೆ ಬಯ್ದರು. "ದುಡಿಯೋಕೆ ಹೋಗ್ತೀರೋ ಕೂರೋಕೆ ಹೋಗ್ತೀರೋ?"

"ಕೂರೋದೂ ದುಡಿಮೆನೇ ಅತ್ತೆ" ಅಂದಳು ಗಂಟಕ್ಕ. "ಸೊಂಟ ಅಷ್ಟೇ ನೋಯುತ್ತೆ."

"ಒಲೆ ಉರಿಯಲ್ವಲ್ಲೇ ಇದರಿಂದ" ಅಂದರು ಅತ್ತೆ. ಬೆಳಿಗ್ಗೆ ಹೊರಡುವಾಗ ಮಾತ್ರ ಅವಳ ತೊಡೆಗೆ ಬಿಸಿನೀರಿನ ಬಟ್ಟೆ ಒತ್ತಿ ಕಳಿಸಿದರು.

ವಿಪತ್ತು ಸಾಹೇಬರು ಒಮ್ಮೆ ಬಂದು ನಿಂತರು. ಹಿಡಿಕೆಗೆ ಬರೆದು ಕಳಿಸಿದ್ದೇನೆ, ಮೇಲಿನವರು ಒಪ್ಪಬೇಕು ಅಂದರು. ನೀವು ಕೆಲಸ ಶುರು ಮಾಡಿ, ಅದು ಬರುತ್ತೆ ಅಂದರು.

"ಬರಲಿ ಸಾರ್. ಬಂದ ಮೇಲೆ ಇಳೀತೀವಿ."

ಆಸ್ಪತ್ರೆಯಲ್ಲಿ ಹೊದಿಕೆ ತೀರುತ್ತಾ ಬಂತು. ಕೊಳೆಬಟ್ಟೆಯ ಗಂಟುಗಳು ಮಹಡಿ ಮಹಡಿಯಲ್ಲಿ ಗಂಟಲಿನ ಬಾಯಿಯ ಹತ್ತಿರ ಗುಡ್ಡೆಬಿದ್ದವು. ವಾಸನೆ ಮೆಟ್ಟಿಲು ಇಳಿದು ಇವರ ತನಕ ಬಂತು. ಗಂಟಕ್ಕನಿಗೆ ಆ ವಾಸನೆ ಹೊಸದಲ್ಲ. ಮೇಲಿನವರಿಗೆ ಹೊಸದು. ಬರಿಯ ರೆಕ್ಸಿನ್ ಮೇಲೆ ಮಲಗಿದ ರೋಗಿಗಳು ಗೊಣಗುವುದು ಕೇಳಿದಾಗ ಮಾತ್ರ ಅವಳು ತಲೆ ತಗ್ಗಿಸುತ್ತಿದ್ದಳು. ಒಮ್ಮೆ ಎದ್ದೂ ನಿಂತಳು. ಅವಳ ಸೆರಗು ಹಿಡಿದು ನಾದಿನಿ ಕೂರಿಸಿದಳು.

ಮೂರನೇ ಮಹಡಿಯಲ್ಲಿ ಮೇಲ್ವಿಚಾರಕ ಆಯಾಳನ್ನು ಗದರುತ್ತಿದ್ದದ್ದು ಗಂಟಲಿನಿಂದ ಇಳಿದು, ಖಾಲಿ ಲಾಂಡ್ರಿಯಲ್ಲಿ ಮಾರ್ದನಿಸಿ, ಮೆಟ್ಟಿಲು ಹತ್ತಿ ಬಂತು. ಕೆಳಕ್ಕೆ ಬರುವ ಮಾತು ಯಾವತ್ತೂ ಒಡೆಯುತ್ತಿರಲಿಲ್ಲ.

"ಎಸೆಯೇ. ಯಾಕೆ ಹಿಡ್ಕೊಂಡು ನಿಂತಿದ್ದೀಯ?"

"ಬಂತು ಅಂದೆ ಸಾರ್. ಬರಲಿ ಅಂತ ಬಂದಿಲ್ಲ."

"ಕೆಳಗೆ ಯಾರೂ ಇಲ್ಲ."

"ಅದಕ್ಕೇ ಸಾರ್."

ಮಧ್ಯಾಹ್ನ ಗುತ್ತಿಗೆದಾರನ ವ್ಯಾನು ಬಂತು. ಹೊಸ ಹೆಂಗಸರು ಇಳಿದರು. ದೂರದವರು, ಮುಖ ಒಣಗಿತ್ತು, ಸೆರಗಿನಲ್ಲಿ ಬುತ್ತಿ ಕಟ್ಟಿಕೊಂಡಿದ್ದರು. ಇವರ ಹಾಗೇ ಇದ್ದರು. ಗುತ್ತಿಗೆದಾರ ಅವರನ್ನು ಓಣಿಯುದ್ದಕ್ಕೂ ನಡೆಸಿಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದ.

"ಇವರನ್ನ ದಾಟ್ಕೊಂಡು ಇಳೀರಿ" ಅಂದ. "ಇವರು ಸುಮ್ಮನೆ ಕೂತಿದ್ದಾರೆ."

ಗಂಟಕ್ಕ ಆ ಬುತ್ತಿಯ ಗಂಟುಗಳನ್ನು ನೋಡಿದಳು. ಏನು ಹೇಳಬೇಕು ಇವರಿಗೆ. ಇಳೀಬೇಡಿ ಅನ್ನಲು ಇವಳ್ಯಾರು. ಅವರ ಮನೆಯಲ್ಲೂ ಒಂದು ಒಲೆ ಇರುತ್ತೆ. ಅವಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ನಾದಿನಿ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಮುಂದಿದ್ದ ಹೆಂಗಸು ಒಂದು ಮೆಟ್ಟಿಲು ಇಳಿದಳು. ಎರಡನೆಯದಕ್ಕೆ ಕಾಲಿಟ್ಟಳು. ಎದುರು ಗೋಡೆಯ ಮೇಲೆ, ಇನ್ನೂ ಇಷ್ಟು ಮೇಲಿನ ಮೆಟ್ಟಿಲಲ್ಲೇ ತನ್ನ ಸೊಂಟದ ಮಟ್ಟಕ್ಕೆ, ಕೆಸರಿನ ಗೆರೆ ಕಂಡಿತು. ನಿಂತಳು. ತಿರುಗಿ ಬಾಗಿಲನ್ನು ನೋಡಿದಳು. ಅಂಗೈ ಅಗಲಿಸಿ ಅದರ ಒಳಮೈ ಮೇಲೆ ಇಟ್ಟಳು. ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ ಮೇಲೆ ಕೆಳಗೆ, ಆ ಅಂಚಿಂದ ಈ ಅಂಚಿಗೆ ಸವರಿದಳು.

"ಅಕ್ಕಾ" ಅಂದಳು, ಗಂಟಕ್ಕನ ಕಡೆ ನೋಡಿ. "ಒಳಗಡೆ ಚಿಲಕ ಎಲ್ಲಿ?"

ಗಂಟಕ್ಕ ನೋಯುವ ಕಾಲನ್ನು ಕೈಯಲ್ಲಿ ಎತ್ತಿ ಆಚೆಗಿಟ್ಟು, ಮೆಟ್ಟಿಲ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದಳು.

ಗಂಟಲಿನಿಂದ ರಾಗ ಇಳಿದು ಬಂತು. "ಬಂತೂ."

ಯಾರೂ ಏನೂ ಅನ್ನಲಿಲ್ಲ.